ಯಾವ ಬೀಚು ಒಳ್ಳೆಯದು ಎಂದು ಕೇಳುವವರಿಗೆ



ಕಳೆದ ವಾರ ಬೆಂಗಳೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯ ಭೂಪಟದಲ್ಲಿ ಕಾರವಾರವನ್ನು ಬಂಗಾಳ ಕೊಲ್ಲಿಯ ದಡದಲ್ಲಿ ಗುರುತಿಸಿ ನನ್ನಿಂದ ಚೆನ್ನಾಗಿ ಬೈಸಿಕೊಂಡವನು. ಈಗ ದೊಡ್ಡ ಉದ್ಯೋಗದಲ್ಲಿದ್ದಾನೆ, ಇಬ್ಬರು ಮಕ್ಕಳ ತಂದೆ. ಕುಶಲೋಪರಿಯೆಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದ. "ಸಾರ್, ಮಕ್ಕಳಿಗೆ ರಜೆ ಬರ್ತಾ ಇದೆ. ಸಮುದ್ರದ ಕಡೆ ಹೋಗೋಣ ಅಂತಿದ್ದೀವಿ. ಯಾವ ಬೀಚು ಒಳ್ಳೇದು ಹೇಳಿ. ದ್ವೀಪ ಇದ್ದರೆ ಇನ್ನೂ ಒಳ್ಳೇದು" ಎಂದ. ಹೀಗೆ ಕೇಳಿದವನೇ ಸಂಜೆಗೆ ತಾನು ಸಿದ್ಧಪಡಿಸಿದ ಪಟ್ಟಿಯನ್ನೂ ನನಗೆ ಕಳುಹಿಸಿದ. ಪಣಂಬೂರು, ಪಡುಬಿದ್ರಿ, ಕಾಪು, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಮರವಂತೆ, ಮುರ್ಡೇಶ್ವರ, ಗೋಕರ್ಣ, ಕಾರವಾರ. ಒಟ್ಟು ಒಂಬತ್ತು ತಾಣಗಳು. ಅವಧಿ ನಾಲ್ಕು ದಿನ!

ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಇದು. ಪಟ್ಟಿಯನ್ನು ನೋಡಿದೊಡನೆ ಅಡ್ಡಗೀಟು ಎಳೆಯುವ ಚಪಲ ತಡೆಯಲಾಗಲಿಲ್ಲ. ಅವನೊಬ್ಬನಿಗೆ ಹೇಳಬೇಕಾದುದನ್ನು ನಿಮ್ಮೆಲ್ಲರಿಗೂ ಹೇಳಿಬಿಡುವುದೇ ಲೇಸೆಂದು ಇಲ್ಲಿ ಬರೆಯುತ್ತಿದ್ದೇನೆ. ಮಾತು ಕೊಂಚ ಕಟುವಾಗಬಹುದು. ಮೇಷ್ಟರ ಮಾತೆಂದು ಸಹಿಸಿಕೊಳ್ಳಿ.

ನನ್ನ ವಾದವನ್ನು ಮೊದಲೇ ಹೇಳುತ್ತೇನೆ. "ಯಾವ ಬೀಚು ಒಳ್ಳೆಯದು" ಎಂಬ ಪ್ರಶ್ನೆಯೇ ತಪ್ಪು. ಯಾವ ತಿಂಗಳಲ್ಲಿ ಹೋಗಬೇಕು, ಎಷ್ಟು ದಿನ ಇರಬೇಕು, ನೀರಿಗಿಳಿಯುವ ಮೊದಲು ಯಾರನ್ನು ಕೇಳಬೇಕು ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು, ಸ್ಥಳದ ಹೆಸರನ್ನಷ್ಟೇ ಕೇಳಿಕೊಂಡು ಹೊರಡುವ ನಮ್ಮ ಈ ಅಭ್ಯಾಸವು ಪ್ರತಿವರ್ಷ ಮನುಷ್ಯರನ್ನು ಬಲಿ ತೆಗೆದುಕೊಳ್ಳುತ್ತಿದೆ. ಸತ್ತವರಲ್ಲಿ ಮಕ್ಕಳೂ ಇದ್ದಾರೆ. ಅದರಲ್ಲೂ ಸಮುದ್ರವನ್ನು ಎಂದೂ ಕಾಣದ ಬಯಲುಸೀಮೆಯ ಮಕ್ಕಳು.

ಅಲಂಕಾರಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. 2022ರ ಏಪ್ರಿಲ್ 7ರಂದು ಕೇರಳದಿಂದ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಬಂಡೆಗಳ ಬಳಿ ಅಲೆಗಳು ಸೆಳೆದೊಯ್ದವು. ಡಿಸೆಂಬರೂ ಏಪ್ರಿಲೂ ಮಳೆಗಾಲದ ತಿಂಗಳುಗಳಲ್ಲ ಎಂಬುದನ್ನು ದಯವಿಟ್ಟು ಗಮನಿಸಿ. 

ಈಗ, ಈವರೆಗೆ ನಾನು ಎಲ್ಲಿಯೂ ಬರೆಯದ ಒಂದು ಸಂಗತಿಯನ್ನು ಬರೆಯುತ್ತೇನೆ.

1991ರ ಡಿಸೆಂಬರ್. ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಸಮಾಜ ವಿಜ್ಞಾನದ ಸಹಶಿಕ್ಷಕನಾಗಿದ್ದೆ. ಬಿ.ಎಡ್. ಮುಗಿಸಿ ನೌಕರಿಗೆ ಸೇರಿ ಆರು ವರ್ಷವಾಗಿತ್ತು. ಪ್ರವಾಸದ ಹೊಣೆ ನನ್ನ ಹೆಗಲಿಗೆ ಬಿತ್ತು. ಒಂದು ಬಸ್ಸು, ಅರವತ್ತೆರಡು ಮಕ್ಕಳು, ಮೂವರು ಶಿಕ್ಷಕರು, ಮೂರು ದಿನ. ಹೊರನಾಡು, ಶೃಂಗೇರಿ, ಧರ್ಮಸ್ಥಳ, ಉಡುಪಿ, ಮರವಂತೆ, ಕೊಲ್ಲೂರು, ಮುರ್ಡೇಶ್ವರ, ಜೋಗ. ವೇಳಾಪಟ್ಟಿಯನ್ನು ನಾನೇ ಬೆರಳಚ್ಚು ಮಾಡಿಸಿದ್ದೆ. ಅದರಲ್ಲಿ "ಮರವಂತೆ: ಸಮುದ್ರ ವೀಕ್ಷಣೆ, 30 ನಿಮಿಷ" ಎಂದು ಬರೆಸಿದ್ದ ನೆನಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ಕಡಲಿಗೆ ಅರ್ಧ ಗಂಟೆ!

ಮರವಂತೆಯನ್ನು ನೋಡಿದವರಿಗೆ ಗೊತ್ತು. ಹೆದ್ದಾರಿಯ ಒಂದು ಮಗ್ಗುಲಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬೀ ಸಮುದ್ರ. ಬಸ್ಸಿನ ಬಾಗಿಲು ತೆರೆದರೆ ಹತ್ತು ಹೆಜ್ಜೆಗೆ ಮರಳು. ಮಧ್ಯಾಹ್ನದ ಬಿಸಿಲು, ಆರು ಗಂಟೆಗಳ ಸೆಖೆ, ಹುಟ್ಟಿದಂದಿನಿಂದ ಇಷ್ಟು ನೀರನ್ನು ಒಂದೆಡೆ ಕಾಣದ ಮಕ್ಕಳು. ನಮ್ಮೂರಿನ ಕೆರೆ ತುಂಬಿ ಕೋಡಿ ಬಿದ್ದುದನ್ನು ಕಂಡವರೇ ಅವರಲ್ಲಿ ಕಡಿಮೆ. ನಾನು ಇಳಿದು ಶಿಳ್ಳೆ ಊದುವಷ್ಟರಲ್ಲಿ ಅರ್ಧ ತರಗತಿ ಮೊಣಕಾಲುದ್ದದ ನೀರಿನಲ್ಲಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅಲೆ ಕಡಿಮೆಯಿದ್ದ ಜಾಗವನ್ನು ನೋಡಿ, ಅಲ್ಲಿ ಶಾಂತವಾಗಿದೆಯೆಂದು ಆ ಕಡೆಗೆ ಸರಿದ. ಎರಡು ನಿಮಿಷವೂ ಆಗಿರಲಿಲ್ಲ. ಅವನ ತಲೆ ನಮ್ಮಿಂದ ಮೂವತ್ತು ನಲವತ್ತು ಮೀಟರು ಆಚೆಗಿತ್ತು. ಕೂಗುತ್ತಿದ್ದನೋ ಇಲ್ಲವೋ, ಅಲೆಗಳ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ನನಗೆ ಈಜು ಬಾರದು. ಉಳಿದ ಇಬ್ಬರು ಶಿಕ್ಷಕರಿಗೂ ಬಾರದು. ದಡದಲ್ಲಿ ನಿಂತು ಅವನ ಹೆಸರು ಹಿಡಿದು ಕೂಗುವುದನ್ನು ಬಿಟ್ಟು ನಾನು ಬೇರೇನೂ ಮಾಡಲಿಲ್ಲ.

ಬಲೆ ಸರಿಪಡಿಸುತ್ತ ಕುಳಿತಿದ್ದ ಮಧ್ಯವಯಸ್ಸಿನ ಮೀನುಗಾರರೊಬ್ಬರು ಎದ್ದು ಓಡಿಬಂದರು. ಅವರು ಹುಡುಗನ ದಿಕ್ಕಿಗೆ ಎದುರೆದುರಾಗಿ ಈಜಿದರು, ಅವನನ್ನು ಹಿಡಿದರು. ಆದರೆ ಹಿಂದಿರುಗುವಾಗ ನೇರವಾಗಿ ದಡಕ್ಕೆ ಬರಲಿಲ್ಲ. ಉತ್ತರದ ಕಡೆಗೆ, ದಡಕ್ಕೆ ಸಮಾನಾಂತರವಾಗಿ ಸಾಗತೊಡಗಿದರು. ಇವರೇಕೆ ದೂರ ಹೋಗುತ್ತಿದ್ದಾರೆಂದು ನನ್ನ ಎದೆ ಒಡೆದಂತಾಯಿತು. ಸ್ವಲ್ಪ ದೂರ ಸಾಗಿದ ಮೇಲೆ ಅಲೆಗಳೇ ಅವರಿಬ್ಬರನ್ನೂ ತಂದು ಮರಳಿಗೆ ಹಾಕಿದವು. ಹುಡುಗ ನೀರು ಕಾರಿಕೊಂಡು ಅಳತೊಡಗಿದ. ಆ ಮಹಾನುಭಾವರು ಏದುಸಿರು ಬಿಡುತ್ತ ನನ್ನ ಕಡೆಗೆ ತಿರುಗಿ, "ಎಂತ ಮಾಷ್ಟ್ರೇ, ಸಮುದ್ರ ಕಾಂಬುಕ್ ಬಂದದ್ದಾ, ಮಕ್ಕಳನ್ನ ಕಳ್ಕಂಬುಕ್ ಬಂದದ್ದಾ? ಇಳೂಕೆ ಮೊದಲು ಒಂದು ಮಾತು ಕೇಂಬುಕೆ ಆಗ್ಲಿಲ್ಲವಾ?" ಎಂದರು. ನೀರಿಗಿಳಿಯುವ ಮುನ್ನ ಒಂದು ಮಾತು ಕೇಳಬಾರದಿತ್ತೇ ಎಂಬ ಆ ಪ್ರಶ್ನೆಗೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ. ಅವರು ಬಲೆಯೊಡನೆ ಕುಳಿತಿದ್ದುದು ನಮ್ಮ ಬಸ್ಸಿನಿಂದ ಐವತ್ತು ಹೆಜ್ಜೆ ದೂರದಲ್ಲಿ. ನಾನು ಅವರನ್ನು ನೋಡಿದ್ದೆ ಕೂಡ.

ಊರಿಗೆ ಬಂದು ನಾವು ಏನು ಮಾಡಿದೆವು? ಮುಚ್ಚಿಹಾಕಿದೆವು. ಹುಡುಗನಿಗೆ ಮನೆಯಲ್ಲಿ ಹೇಳಬೇಡವೆಂದೆವು. ಮುಖ್ಯೋಪಾಧ್ಯಾಯರು, "ಆಗಲಿಲ್ಲವಲ್ಲ, ಬಿಡಿ" ಎಂದರು. ನನಗೂ ಅದೇ ಬೇಕಾಗಿತ್ತು. ಮರುವರ್ಷದ ಪ್ರವಾಸಕ್ಕೆ ಬೇರೊಬ್ಬ ಶಿಕ್ಷಕರು ನನ್ನದೇ ವೇಳಾಪಟ್ಟಿಯನ್ನು ನಕಲು ಮಾಡಿಕೊಂಡು ಹೋದರು, ಮೂವತ್ತು ನಿಮಿಷದ ಸಮುದ್ರ ವೀಕ್ಷಣೆಯೂ ಸೇರಿದಂತೆ. ನಾನು ಬಾಯಿ ಬಿಡಲಿಲ್ಲ. ಇದನ್ನು ನನ್ನ ವೃತ್ತಿಜೀವನದ ಅತ್ಯಂತ ನಾಚಿಕೆಗೇಡಿನ ಮೌನವೆಂದು ಒಪ್ಪಿಕೊಳ್ಳುತ್ತೇನೆ. ನಾಡಿನ ಎಷ್ಟು ಶಾಲೆಗಳ ಎಷ್ಟು ಶಿಕ್ಷಕರ ಎದೆಯಲ್ಲಿ ಇಂತಹ "ಆಗಲಿಲ್ಲವಲ್ಲ, ಬಿಡಿ"ಗಳು ಅಡಗಿವೆಯೋ ದೇವರೇ ಬಲ್ಲ. ಅವರೆಲ್ಲ ಬಾಯಿಬಿಟ್ಟಿದ್ದರೆ ಪ್ರತಿಯೊಬ್ಬ ಹೊಸ ಶಿಕ್ಷಕನೂ ಕಡಲನ್ನು ಹೊಸದಾಗಿ ಕಲಿಯಬೇಕಾಗುತ್ತಿರಲಿಲ್ಲ.

ಆ ಹುಡುಗನನ್ನು ಎಳೆದೊಯ್ದದ್ದು ಏನೆಂಬುದನ್ನು ನಾನು ಬಹಳ ತಡವಾಗಿ ತಿಳಿದುಕೊಂಡೆ. ಅದನ್ನು ನೀವೂ ತಿಳಿಯಬೇಕು. ಅಲೆಗಳು ದಡಕ್ಕೆ ನೀರನ್ನು ತಂದು ಸುರಿಯುತ್ತಲೇ ಇರುತ್ತವೆ. ಬಂದ ನೀರು ಹಿಂದಿರುಗಬೇಕಲ್ಲವೆ? ನಮ್ಮ ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆ ತುಂಬಿದಾಗ ನೀರು ಏರಿಯುದ್ದಕ್ಕೂ ಚೆಲ್ಲುವುದಿಲ್ಲ, ಕೋಡಿಯೊಂದರಲ್ಲಿಯೇ ರಭಸದಿಂದ ಹೊರಬೀಳುತ್ತದೆ. ಕಡಲಿನಲ್ಲಿಯೂ ಹಾಗೆಯೇ. ದಡದಾಚೆಗಿನ ಮರಳದಿಣ್ಣೆಗಳ ನಡುವೆ ತಗ್ಗಿರುವ ಕಡೆ ನೀರು ಒಟ್ಟುಗೂಡಿ, ಕಾಲುವೆಯಂತೆ ಒಳಗಡಲಿನತ್ತ ಹರಿಯುತ್ತದೆ. ಇದನ್ನೇ ಸೆಳೆತವೆನ್ನುವುದು. ಸೆಳೆತವಿರುವ ಕಡೆ ಅಲೆಗಳು ಒಡೆಯುವುದು ಕಡಿಮೆ. ಆದ್ದರಿಂದಲೇ ತಿಳಿಯದವನ ಕಣ್ಣಿಗೆ ಅದು ದಡದಲ್ಲೆಲ್ಲ ಅತ್ಯಂತ ಶಾಂತವಾದ ಜಾಗವಾಗಿ ತೋರುತ್ತದೆ. ನಮ್ಮ ಹುಡುಗ ಮೋಸಹೋದದ್ದು ಇಲ್ಲಿಯೇ.

ಸೆಳೆತವು ಮನುಷ್ಯನನ್ನು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಗಾಬರಿಯಿಂದ ದಡದ ಕಡೆಗೆ ನೇರವಾಗಿ ಈಜುವವನು ಸುಸ್ತಾಗಿ ಮುಳುಗುತ್ತಾನೆ. ಬಲವಾದ ಸೆಳೆತದ ವೇಗ ಸೆಕೆಂಡಿಗೆ ಎರಡು ಮೀಟರನ್ನೂ ಮೀರಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೂರು ಮೀಟರು ಈಜಿನ ವಿಶ್ವದಾಖಲೆಯಾದದ್ದು 46.40 ಸೆಕೆಂಡುಗಳಲ್ಲಿ. ಭಾಗಾಕಾರ ಮಾಡಿ ನೋಡಿ, ಸೆಕೆಂಡಿಗೆ ಎರಡು ಮೀಟರಿಗಿಂತ ತುಸು ಹೆಚ್ಚು. ಅಂದರೆ ಜಗತ್ತಿನ ಅತಿವೇಗದ ಈಜುಗಾರನೇ ಅಂತಹ ಸೆಳೆತಕ್ಕೆ ಎದುರಾಗಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕಾದೀತು. ಸಿಲುಕಿದವನು ಎದುರಿಸಲು ಹೋಗದೆ ತೇಲುತ್ತಿರಬೇಕು, ಕೈಯೆತ್ತಿ ಸಹಾಯ ಬೇಡಬೇಕು. ಈಜು ಬಲ್ಲವನಾದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಪಕ್ಕಕ್ಕೆ ಸರಿದು, ಆಮೇಲೆ ಅಲೆಗಳೊಡನೆ ದಡಕ್ಕೆ ಬರಬೇಕು. ಮರವಂತೆಯ ಆ ಮೀನುಗಾರರು ಮಾಡಿದ್ದು ಇದನ್ನೇ. ಪುಸ್ತಕ ಓದಿದ್ದ ನನಗೆ ಇದು ಗೊತ್ತಿರಲಿಲ್ಲ.

ಇನ್ನು ಆಕ್ಷೇಪಣೆಗಳಿಗೆ ಬರೋಣ. ನನ್ನ ಶಿಷ್ಯರು ಸುಮ್ಮನೆ ಒಪ್ಪುವವರಲ್ಲ ಎಂಬ ಹೆಮ್ಮೆ ನನಗಿದೆ.

"ಇದೆಲ್ಲ ಸರ್ಕಾರದ ಹೊಣೆ, ಎಲ್ಲ ಕಡೆ ಜೀವರಕ್ಷಕರನ್ನು ನಿಲ್ಲಿಸಲಿ" ಎನ್ನುತ್ತೀರಿ. ನಿಲ್ಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕರಾವಳಿಯ ಉದ್ದ 300 ಕಿಲೋಮೀಟರಿಗೂ ಮಿಗಿಲು. ಹೆಜ್ಜೆಗೊಬ್ಬ ಜೀವರಕ್ಷಕ ಎಂದಿಗೂ ಸಾಧ್ಯವಿಲ್ಲ. ಇರುವ ಕಡೆಗಳಲ್ಲಾದರೂ ಅವರ ಮಾತನ್ನು ನಾವು ಕೇಳುತ್ತೇವೆಯೇ? ಶಿಳ್ಳೆ ಊದಿದರೆ, "ನಾವು ದುಡ್ಡು ಕೊಟ್ಟು ಬಂದಿದ್ದೇವೆ" ಎಂದು ಜಗಳಕ್ಕೆ ನಿಲ್ಲುವ ಪ್ರವಾಸಿಗರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದರಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಜನರಿದ್ದರು. ದೋಣಿಯವನ ತಪ್ಪು ದೊಡ್ಡದೇ. ಆದರೆ ತುಂಬಿದ ದೋಣಿಯನ್ನು ಕಂಡೂ "ಇನ್ನೊಬ್ಬರಿಗೆ ಜಾಗ ಆಗುತ್ತೆ ಬಿಡಿ" ಎಂದು ಹತ್ತುವ ನಾವು ನಿರಪರಾಧಿಗಳೇ?

"ಹಾಗಾದರೆ ಶಾಲಾ ಪ್ರವಾಸದಲ್ಲಿ ಸಮುದ್ರವನ್ನೇ ಕೈಬಿಡಬೇಕು" ಎಂಬುದು ಎರಡನೆಯ ವಾದ. ಮುರ್ಡೇಶ್ವರದ ದುರಂತದ ನಂತರ ಹಲವರು ನನ್ನೆದುರು ಹೀಗೆಂದರು. ಇದನ್ನು ನಾನು ಎಲ್ಲಕ್ಕಿಂತ ತೀವ್ರವಾಗಿ ವಿರೋಧಿಸುತ್ತೇನೆ. ಉಳ್ಳವರ ಮಕ್ಕಳು ಅಪ್ಪ ಅಮ್ಮನೊಡನೆ ಗೋವೆಗೋ ಮಾಲ್ದೀವ್ಸಿಗೋ ಹೋಗಿ ಬರುತ್ತಾರೆ. ಕೂಲಿಕಾರರ ಮಗಳಿಗೆ ಸಮುದ್ರ ಕಾಣುವ ದಾರಿ ಶಾಲಾ ಪ್ರವಾಸ ಒಂದೇ. ಕೋಶ ಓದು, ದೇಶ ಸುತ್ತು ಎಂದ ಹಿರಿಯರು, ದೇಶವನ್ನು ಬಸ್ಸಿನ ಕಿಟಕಿಯಿಂದ ನೋಡು ಎಂದಿರಲಿಲ್ಲ. ನಾವು ತಪ್ಪು ಮಾಡಿ, ಅದಕ್ಕೆ ಶಿಕ್ಷೆಯಾಗಿ ಬಡಮಕ್ಕಳ ಸಮುದ್ರವನ್ನು ಕಿತ್ತುಕೊಳ್ಳುವುದು ಯಾವ ನ್ಯಾಯ? ಪ್ರವಾಸವನ್ನು ನಿಲ್ಲಿಸಬೇಡಿ, ಎಂಟು ಊರುಗಳ ಪಟ್ಟಿಯನ್ನು ನಿಲ್ಲಿಸಿ. ಒಂದೇ ಕರಾವಳಿ ಊರಿನಲ್ಲಿ ಎರಡು ರಾತ್ರಿ ಉಳಿಯಿರಿ. ಹೊರಡುವ ಮುನ್ನ ತರಗತಿಯಲ್ಲಿ ಒಂದು ಪಾಠ ಕಡಲಿನದಾಗಲಿ.

"ನಮ್ಮ ಕಡಲೇ ಒರಟು, ನಾವು ಹೊರದೇಶದ ದ್ವೀಪಕ್ಕೆ ಹೋಗುತ್ತೇವೆ" ಎನ್ನುವುದು ಮೂರನೆಯ ವಾದ. ನನ್ನ ತಂಗಿಯ ಮಗಳು ಮಾಲ್ದೀವ್ಸಿಗೆ ಹೋಗಿ ಬಂದು ಹೀಗೆಯೇ ಹೇಳಿದಳು. (ಅವಳು ಇದನ್ನು ಓದುತ್ತಾಳೆ, ಮುನಿಸಿಕೊಳ್ಳಬಾರದು.) ಅಲ್ಲಿನ ನೀರು ಶಾಂತವಾಗಿರುವುದು ಹವಳದ ದಿಬ್ಬಗಳು ಅಲೆಗಳನ್ನು ಹೊರಗೇ ತಡೆದು ಒಳಗೆ ಕೊಳದಂತಹ ಲಗೂನನ್ನು ನಿರ್ಮಿಸಿರುವುದರಿಂದ. ಅದೇ ಬಗೆಯ ದ್ವೀಪಗಳು ನಮ್ಮ ಲಕ್ಷದ್ವೀಪದಲ್ಲಿಯೂ ಇವೆ. ಅವುಗಳಿಗೂ ನಮಗೂ ಹಳೆಯ ನಂಟಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ರಾಜ್ಯ ಏಕೀಕರಣಗೊಂಡ 1956ರ ನವೆಂಬರ್ 1ರಂದೇ ಅವು ಹೊಸ ಕೇಂದ್ರಾಡಳಿತ ಪ್ರದೇಶದ ಭಾಗವಾದವು. ಹೋಗುವುದಾದರೆ ಹೋಗಿ. ಆದರೆ ಅಲ್ಲಿಯೂ ಪಟ್ಟಿ ಹಿಡಿದು ಹೋಗಬೇಡಿ. ಮೂವತ್ತಾರು ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ, ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರು ಮಾತ್ರ. ಪ್ರವೇಶಕ್ಕೆ ಪರವಾನಗಿ ಬೇಕೆಂದು ಗೊಣಗುವವರು ಈ ಅಂಕಿಯನ್ನು ಒಮ್ಮೆ ಯೋಚಿಸಲಿ. ನಾವೆಲ್ಲ ಒಟ್ಟಿಗೆ ನುಗ್ಗಿದರೆ ಕುಡಿಯುವ ನೀರಿಗೇ ತತ್ವಾರವಾದೀತು.

ಹಾಗಾದರೆ ನಮ್ಮ ಕರಾವಳಿಗೆ ಹೇಗೆ ಹೋಗಬೇಕು? ಬೈದ ಮೇಲೆ ದಾರಿಯನ್ನೂ ತೋರಿಸುವುದು ಮೇಷ್ಟರ ಕರ್ತವ್ಯ.

ಮೊದಲನೆಯದು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದಡದಿಂದ ನೋಡಿ, ಮುಟ್ಟಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿದೆ. ಮೀನಿನ ಸಂತಾನ ಉಳಿಯಲೆಂದು ಮಾಡಿದ ನಿಯಮವದು. ಆದರೂ ಹುಟ್ಟಿನಿಂದ ಕಡಲನ್ನು ಬಲ್ಲವರ ದೋಣಿಗಳೇ ದಡದಲ್ಲಿರುವಾಗ ನಮಗೇನು ಅವಸರ? ನವೆಂಬರ್‌ನಿಂದ ಫೆಬ್ರವರಿ ಉತ್ತಮ. ಆಗಲೂ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಅಂದರೆ ಇಂಕಾಯ್ಸ್, ಕೊಡುವ ಅಲೆಗಳ ಮುನ್ಸೂಚನೆಯನ್ನು ನೋಡಿಕೊಳ್ಳಿ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ತೀರಿಕೊಂಡಾಗ ಅಂತಹ ಎಚ್ಚರಿಕೆ ಜಾರಿಯಲ್ಲಿತ್ತು. ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಎದ್ದ ಉಬ್ಬಲೆಗಳು ಸಾವಿರಾರು ಕಿಲೋಮೀಟರು ಸಾಗಿಬಂದು, ಇಲ್ಲಿ ಗಾಳಿಯೇ ಇಲ್ಲದ ದಿನ ದಡಕ್ಕೆ ನುಗ್ಗುತ್ತವೆ. ಮಲಯಾಳಿಗಳು ಇದನ್ನು ಕಳ್ಳಕಡಲ್ ಎನ್ನುತ್ತಾರೆ. ಕಳ್ಳನಂತೆ ಸದ್ದಿಲ್ಲದೆ ಬರುವ ಕಡಲು.

ಎರಡನೆಯದು ದಿನಗಳು. ಒಂದು ಊರಿಗೆ ಮೂರು ದಿನ ಕೊಡಿ. ಮೊದಲ ದಿನ ನೀರಿಗಿಳಿಯಬೇಡಿ. ಭರತ ಯಾವಾಗ, ಇಳಿತ ಯಾವಾಗ ಎಂದು ಮಕ್ಕಳಿಂದ ಮರಳಿನಲ್ಲಿ ಕೋಲು ನೆಡಿಸಿ ನೋಡಿ. ಎರಡರ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಅಂತರ, ಮರುದಿನ ಅದು ಸುಮಾರು ಐವತ್ತು ನಿಮಿಷ ತಡ. ಚಂದ್ರನ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಕಪ್ಪುಹಲಗೆಯೂ ಕಲಿಸದು.

ಊರು ಯಾವುದಾದರೂ ಆಗಬಹುದು, ಅದರ ಗುಣವನ್ನರಿತು ಹೋಗಿ. ಸೇಂಟ್ ಮೇರೀಸ್ ಈಜುವ ದ್ವೀಪವಲ್ಲ, ಕಲ್ಲು ನೋಡುವ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾರಸ ತಣಿದು, ಕೊರೆದಿಟ್ಟಂತಹ ಕಂಬಗಳಾಗಿ ನಿಂತಿರುವುದು ಅಲ್ಲಿ. ಆ ಕಂಬಗಳಿಗೆ ಬೆನ್ನು ತಿರುಗಿಸಿ ಸೆಲ್ಫಿ ತೆಗೆದುಕೊಳ್ಳಲು ತೇವದ ಬಂಡೆ ಹತ್ತುವವರನ್ನು ಏನೆನ್ನಲಿ? ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಸ್ವಚ್ಛತೆಯ ಜತೆಗೆ ಸುರಕ್ಷತೆಯೂ ಅದರ ಒಂದು ಮಾನದಂಡ. ಚಿಕ್ಕಮಕ್ಕಳಿದ್ದರೆ ಅಂತಹ ಕಡೆ ಹೋಗಿ, ಗುರುತು ಮಾಡಿದ ಜಾಗದಲ್ಲಿ ಮಾತ್ರ ಇಳಿಯಿರಿ. ಗೋಕರ್ಣದ ಓಂ ಬೀಚು, ಕೂಡ್ಲೆ ಬೀಚುಗಳನ್ನು ಗುಡ್ಡದ ದಾರಿಯಲ್ಲಿ ನಡೆದು ನೋಡಿ. ಕಾರವಾರಕ್ಕೆ 1880ರ ದಶಕದ ಆರಂಭದಲ್ಲಿ ರವೀಂದ್ರನಾಥ ಠಾಕೂರರು ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಅಲ್ಲಿ ಉಳಿದು, ಕಾಳಿನದಿಯಲ್ಲಿ ಬೆಳದಿಂಗಳ ದೋಣಿವಿಹಾರ ಮಾಡಿ, ಅಲ್ಲಿಯೇ ನಾಟಕವೊಂದನ್ನು ಬರೆದರು. ಅವರು ಕಾರವಾರವನ್ನು ಅರ್ಧ ಗಂಟೆ ವೀಕ್ಷಿಸಿ ಹೊರಟಿದ್ದರೆ ಅದೊಂದೂ ಆಗುತ್ತಿರಲಿಲ್ಲ.

ಮೂರನೆಯದೇ ಮುಖ್ಯ. ಕೇಳಿ. ಬಲೆ ಸರಿಪಡಿಸುವವರನ್ನು ಕೇಳಿ, ಮೀನು ಮಾರುವ ಅಮ್ಮನನ್ನು ಕೇಳಿ, ಜೀವರಕ್ಷಕರಿದ್ದರೆ ಅವರನ್ನು ಕೇಳಿ. "ಇವತ್ತು ಇಲ್ಲಿ ಇಳಿಯಬಹುದೇ?" ಎಂಬ ಮೂರು ಪದಗಳಿಗೆ ಖರ್ಚೇನೂ ಇಲ್ಲ. ಬೇಡವೆಂದರೆ ಬೇಡ, ಅಲ್ಲಿಗೆ ಮುಗಿಯಿತು. ದೋಣಿ ಹತ್ತುವಾಗ ಲೈಫ್ ಜಾಕೆಟ್ ಕೊಡದಿದ್ದರೆ, ಜನ ಹೆಚ್ಚಾಗಿದ್ದರೆ, ಟಿಕೇಟಿನ ಹಣ ಹೋದರೂ ಸರಿ, ಇಳಿದುಬಿಡಿ. ಆಳ ನೋಡದೆ ನೀರಿಗಿಳಿಯಬೇಡವೆಂದು ಅಜ್ಜಿಯರು ಹೇಳಿದ್ದು ಬರಿಯ ಗಾದೆಯ ಮಾತಲ್ಲ.

ಇಷ್ಟನ್ನೂ ನನ್ನ ಆ ಶಿಷ್ಯನಿಗೆ ಸಂಕ್ಷೇಪವಾಗಿ ತಿಳಿಸಿದೆ. ಎರಡು ದಿನ ಸುಮ್ಮನಿದ್ದವನು ನಿನ್ನೆ ಉತ್ತರಿಸಿದ್ದಾನೆ: "ಸಾರ್, ಒಂಬತ್ತನ್ನು ಎರಡಕ್ಕೆ ಇಳಿಸಿದ್ದೇನೆ." ನಾನು ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದೇನೆ. ಉಳಿದೆರಡು ಅಂಕ, ಅಲ್ಲಿಗೆ ಹೋಗಿ ಯಾರನ್ನು ಏನು ಕೇಳಿದನೆಂದು ವರದಿ ಒಪ್ಪಿಸಿದ ಮೇಲೆ.

ಕೊನೆಯದಾಗಿ ಒಂದು ಪ್ರಾರ್ಥನೆ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಿಮ್ಮ ಪ್ರವಾಸಗಳಲ್ಲಿಯೂ "ಆಗಲಿಲ್ಲವಲ್ಲ, ಬಿಡಿ" ಎಂದು ಮುಚ್ಚಿಟ್ಟ ಸಂಗತಿಗಳಿದ್ದರೆ ಸಂಕೋಚ ಬಿಟ್ಟು ಸಹೋದ್ಯೋಗಿಗಳಿಗೆ ಹೇಳಿ, ನನಗೂ ಬರೆಯಿರಿ. ಮೂವತ್ತು ವರ್ಷಗಳಿಗೂ ಮೀರಿ ಬಾಯಿ ಮುಚ್ಚಿಕೊಂಡಿದ್ದ ನಿಮ್ಮ ಮೇಷ್ಟರು ಇಂದು ಮೊದಲು ಹೇಳಿದ್ದಾರೆ. ಇನ್ನು ನಿಮ್ಮ ಸರದಿ.